ಕರಿಯಯ್ಯನ ಎಡೆಗೆ ಫ್ರಾನ್ಸಿನ ಬಾಟ್ಲು

ದ್ಯಾವಮ್ಮ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಮೊರ ಎದ್ದು ಬೀಳುವ ಲಯಕ್ಕೆ ಹೊಟ್ಟು ಬೀದಿ ಕಡೆಗೂ ಕಾಳು ಅವಳ ಕಡೆಗೂ ಹಾರುತ್ತಿದ್ದವು. ಅರ್ಧ ಚೀಲ ಮುಗಿದಿತ್ತು, ಇನ್ನರ್ಧ ಬಾಕಿಯಿತ್ತು. ಅಷ್ಟರಲ್ಲಿ ಮೈದುನನ ಮಗ ಕುಮಾರ ಬೈಕು ತಂದು ಹೊಟ್ಟು ಹಾರುವ ಕಡೆಗೇ ನಿಲ್ಲಿಸಿದ. ಇಳಿಯಲಿಲ್ಲ, ಇಂಜಿನ್ನೂ ಆರಿಸಲಿಲ್ಲ.

“ಗಾಡಿ ಆರ್ಸ್ಲಾ ಕುಮಾರ. ಪೆಟ್ರೋಲೇನು ನಿಮ್ಮಪ್ಪನ ಗದ್ದೇಲಿ ಬೆಳ್ದದ್ದಾ?”

“ಇಲ್ಲ ದೊಡ್ಡವ್ವ, ಕೂರಾಕೆ ಆಗಾಕಿಲ್ಲ. ಪಾಂಡವಪುರಕ್ಕೆ ಬಂದಿದ್ದೆ. ಒಂದು ಮಾತು ಏಳ್ಬುಟ್ಟು ಬಾ ಅಂತು ಅಪ್ಪ.”

ಅಪ್ಪ ಎಂದರೆ ತಮ್ಮಯ್ಯ, ದ್ಯಾವಮ್ಮನ ಗಂಡ ಕರಿಯಯ್ಯನ ತಮ್ಮ. ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯಲ್ಲಿ ಇರುವವನು. ಕರಿಯಯ್ಯ ಹುಟ್ಟಿದ ಮನೆಯೂ ಅದೇ. ವಯಸ್ಸಿನಲ್ಲಿ ಆಲೆಮನೆ ಕೆಲಸಕ್ಕೆಂದು ಕ್ಯಾತನಹಳ್ಳಿಗೆ ಬಂದವನು ಇಲ್ಲೇ ಬೇರು ಬಿಟ್ಟ, ಇಲ್ಲೇ ಕಾಮಾಲೆಯಾಗಿ ಸತ್ತ. ಆದರೂ ಮಾಲಯ ಅಮಾವಾಸ್ಯೆ ಬಂದರೆ ಅವನ ಎಡೆ ಹುಟ್ಟಿದ ಮನೆಯಲ್ಲೇ. ಬಾಳೆಎಲೆಯ ಮೇಲೆ ಸತ್ತವರಿಗೆ ಸೇರುತ್ತಿದ್ದ ಮಾಂಸದ ಸಾರು, ಮುದ್ದೆ, ಒಡೆ, ಕಡುಬು. ಬೀಡಿ ಸೇದುವವರಾಗಿದ್ದರೆ ಬೀಡಿ, ಕುಡಿಯುವವರಾಗಿದ್ದರೆ ಬಾಟ್ಲು. ಬಾಗಿಲು ಮುಚ್ಚಿ ಹಿರೀಕರು ಉಂಡು ಹೋಗುವಷ್ಟು ಹೊತ್ತು ಕಾದು, ಆಮೇಲೆ ಮನೆಯವರು ಉಣ್ಣಬೇಕು. ಈ ವರ್ಷದ ಅಮಾವಾಸ್ಯೆಗೆ ಇನ್ನು ಹತ್ತು ಹನ್ನೆರಡು ದಿನವಿತ್ತು.

“ಎಡೆಗೆ ಬರ್ಬೇಕಂತೆ ನೀನು,” ಅಂದ ಕುಮಾರ. ಆಮೇಲೆ ಕನ್ನಡಿ ಕಡೆ ನೋಡುತ್ತಾ, “ಚೈತ್ರ ಮಾತ್ರ ಬರೋದು ಬ್ಯಾಡ್ವಂತೆ.”

“ಯಾಕಂತೆ?”

“ವೈನ್ಸಲ್ಲಿ ಕೆಲ್ಸ ಮಾಡೋ ಹೆಣ್ಣು ಎಡೆ ಮುಂದೆ ನಿಂತ್ರೆ ಇರೀಕ್ರು ಎಲೆ ಮುಟ್ಟಾಕಿಲ್ವಂತೆ.”

ದ್ಯಾವಮ್ಮ ಮೊರ ನಿಲ್ಲಿಸಲಿಲ್ಲ. ಅವಳ ಒಬ್ಬಳೇ ಮಗಳು ಚೈತ್ರ ಶ್ರೀರಂಗಪಟ್ಟಣದ ಹತ್ತಿರ ಹೊಳೆದಂಡೆಯ ರೆಸಾರ್ಟಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಉಣ್ಣಲು ಬರುವವರಿಗೆ ಯಾವ ಊಟಕ್ಕೆ ಯಾವ ವೈನು ಸೇರುತ್ತದೆ ಎಂದು ಹೇಳಿ ಸುರಿದುಕೊಡುವುದು ಅವಳ ಕೆಲಸ. ಅದಕ್ಕೆಂದೇ ಓದಿ ಪಾಸು ಮಾಡಿದ್ದಳು. ಆದರೆ ಈ ಸೀಮೆಯಲ್ಲಿ ‘ವೈನ್ಸ್’ ಎಂದರೆ ದ್ರಾಕ್ಷಿಯ ಮಾತಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಕಬ್ಬಿಣದ ಜಾಲರಿ ಹಾಕಿಕೊಂಡು, ದೇವರ ಹೆಸರಿನ ಬೋರ್ಡು ತಗುಲಿಸಿಕೊಂಡು, ಕ್ವಾರ್ಟರ್ ಬ್ರಾಂದಿ ಮಾರುವ ಅಂಗಡಿ.

“ವೈನ್ಸಲ್ಲ ಕಣ್ಲಾ, ವೈನು. ‘ಸು’ ಇಲ್ಲ.”

“ನಂಗೊತ್ತು ದೊಡ್ಡವ್ವ. ಆ ಒಂದು ಸು ತೆಗ್ಸಾಕೆ ಅಪ್ಪನ ಮುಂದೆ ನಿಲ್ಲೋರ್ಯಾರು?” ಕುಮಾರ ಗಂಟಲು ಸರಿಮಾಡಿಕೊಂಡ. “ಇನ್ನೊಂದು ಮಾತು. ಚೈತ್ರನ ಸ್ಟೇಟಸ್ಸಲ್ಲಿ ಒಂದು ಬಾಟ್ಲು ಇತ್ತಲ್ಲ, ಫ್ರಾನ್ಸಿಂದು. ನೀನು ಬರುವಾಗ ಅದ್ನ ತರ್ಬೇಕಂತೆ. ದೊಡ್ಡಪ್ಪನ ಎಡೆಗೆ ಮಡಗಾಕೆ.”

ಈಗ ಮೊರ ನಿಂತಿತು.

“ಮಗಳು ಬ್ಯಾಡ,” ಅಂದಳು ದ್ಯಾವಮ್ಮ. “ಬಾಟ್ಲು ಬೇಕು.”

“ನಾನ್ ಏಳಿದ್ದಲ್ಲ ದೊಡ್ಡವ್ವ, ನಾನು ಬರೀ ಪೋಸ್ಟ್‌ಮ್ಯಾನು.”

“ಇಂಗೇ ಏಳ್ದ್ನಾ ನಿಮ್ಮಪ್ಪ, ಒಂದೇ ಉಸ್ರಲ್ಲಿ?”

“ಮಧ್ಯದಲ್ಲಿ ಒಂದ್ಸಲ ಎಲೆ ಅಡ್ಕೆ ಉಗಿದ್ರು.”

ಕುಮಾರ ಹೊರಟುಹೋದ. ಕೇರದೆ ಉಳಿದ ರಾಗಿ ಹಾಗೇ ಉಳಿಯಿತು. ದ್ಯಾವಮ್ಮ ಬೇಗ ಸಿಟ್ಟಿಗೇಳುವ ಹೆಂಗಸಲ್ಲ. ಎದ್ದ ಸಿಟ್ಟನ್ನು ಬೇಗ ಆರಿಸಿಕೊಳ್ಳುವವಳೂ ಅಲ್ಲ. ತಮ್ಮಯ್ಯ ಮಗಳನ್ನು ಬೇಡವೆಂದದ್ದು ಒಂದು ಕಡೆ ಉರಿಯುತ್ತಿದ್ದರೆ, ಬಾಟ್ಲು ಬೇಕೆಂದದ್ದು ಅದಕ್ಕಿಂತ ಒಳಗಿನ ಕಡೆ ಉರಿಯುತ್ತಿತ್ತು. ಕರಿಯಯ್ಯ ಕುಡಿಯುತ್ತಿರಲಿಲ್ಲ. ಹಬ್ಬಕ್ಕಿಲ್ಲ, ಮದುವೆಗಿಲ್ಲ, ಮೈಕೈ ನೋವಿಗೂ ಇಲ್ಲ. ಸತ್ತ ವರ್ಷದ ಎಡೆಯಲ್ಲಿ ಅವನ ಎಲೆಯ ಮುಂದೆ ತಮ್ಮಯ್ಯ ಕ್ವಾರ್ಟರ್ ಬ್ರಾಂದಿ ಇಟ್ಟಾಗ, ಕುಡಿಯದವರಿಗೆ ಇದ್ಯಾಕೆ ಎಂದು ಅವಳು ಕೇಳಿದ್ದಳು. “ಎಲ್ರ ಎಲೆ ಮುಂದೆನೂ ಐತೆ ಅತ್ಗೆ, ಅಣ್ಣಂದು ಒಂದು ಸಪ್ಪಗಿದ್ರೆ ಚೆಂದ್ವಾ?” ಅಂದಿದ್ದ. ಮುಂದಿನ ವರ್ಷ ಕ್ವಾರ್ಟರು ಹಾಫ್ ಆಯಿತು. ಬಾಟ್ಲು ನೋಡಿದ ನೆಂಟರು ಕಾಮಾಲೆಯನ್ನೂ ಬಾಟ್ಲನ್ನೂ ಕೂಡಿಸಿ ತಾವೇ ಒಂದು ಲೆಕ್ಕ ಮಾಡಿಕೊಂಡರು. “ಪಾಪ, ಒಳ್ಳೆ ಮನ್ಸ. ಕುಡ್ದೂ ಕುಡ್ದೂ ಈಲಿ ಒಂಟೋಯ್ತು.” ಹೊಸಹೊಳಲಿನ ಸೋದರತ್ತೆಯ ಕಡೆಯವರಂತೂ ಅವಳ ಭುಜ ಸವರಿ, “ನೀನೆಂಗ್ ಏಗಿದ್ಯೋ ತಾಯಿ” ಅಂದರು. ಎಂಟು ವರ್ಷ ಅವಳು ಆ ಸವರಿಕೆಯನ್ನು ನುಂಗಿಕೊಂಡು ಬಂದಿದ್ದಳು. ಅಪ್ಪನಿಲ್ಲದ ಹೆಣ್ಣು ಮಗಳು ಬೆಳೆಯುತ್ತಿದ್ದಾಳೆ, ನಾಳೆ ಧಾರೆ ಎರೆಯಲು ಚಿಕ್ಕಪ್ಪ ಬೇಕಲ್ಲ, ಈಗ ಯಾಕೆ ಬಾಯಿ ಮಾಡಲಿ ಎಂದು.

ಸಂಜೆ ಬಸ್ಸಿಗೆ ಚೈತ್ರ ಬಂದಳು. ಮಾರನೇ ದಿನ ಅವಳಿಗೆ ವಾರದ ರಜೆ. ಕೈಯಲ್ಲಿ ಮಾಂಸದ ಕವರು, ಹೆಗಲ ಚೀಲದಲ್ಲಿ ಟವಲು ಸುತ್ತಿದ ಬಾಟ್ಲು. ದ್ಯಾವಮ್ಮನ ಸಿಟ್ಟು ಮೊದಲು ಕಣ್ಣಿಗೆ ಬಿದ್ದವಳ ಮೇಲೆ ಹೋಯಿತು.

“ಹಿಡ್ಕಂಡು ನಿಂತಿದ್ದೀಯಂತಲ್ಲ ಫೋಟೋದಲ್ಲಿ, ಗೆದ್ದ ಕಪ್ಪು ಹಿಡ್ದಂಗೆ. ಗೋವಿಂದ್ನಳ್ಳಿಲಿ ಡೇರಿ ಮುಂದೆ ಕೂತು ನೋಡ್ತಾವ್ರೆ.”

ಕುಮಾರ ಹೇಳಿಹೋದ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಮಗಳ ಮುಂದೆ ಇಟ್ಟಳು, ಬರಬೇಡವೆಂದದ್ದನ್ನು. ಚೈತ್ರನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಕೆಲಸದ ಜಾಗದಲ್ಲಿ ಕಲಿತಿದ್ದ ಹಾಗೆ ಅದನ್ನು ಸರಿಮಾಡಿಕೊಂಡಳು.

“ಇದ್ಯಾವ ಅಂಗ್ಡೀಲೂ ಸಿಗಲ್ಲವ್ವ. ರೆಸಾರ್ಟಲ್ಲಿ ದೊಡ್ಡ ಊಟ ಇಟ್ಟಿದ್ರು. ವೈನ್ ಕಂಪ್ನಿಯೋರು ಬಂದಿದ್ರು, ಓಗುವಾಗ ನಂಗೆ ಒಂದು ಬಾಟ್ಲು ಕೊಟ್ರು. ಫ್ರಾನ್ಸಲ್ಲಿ ರೋನ್ ಅಂತ ಒಂದು ಒಳೆ ಐತಂತೆ, ನಮ್ಮ ಕಾವೇರಿ ಇದ್ದಂಗೆ. ಅದ್ರ ದಂಡೇಲಿ ಬೆಳ್ಯೋ ಮೂರು ತರ ದ್ರಾಕ್ಷಿ ಸೇರ್ಸಿ ಮಾಡೋದು. ಗ್ರೆನಾಶ್ ಅಂತ ಒಂದು, ಅದು ಮೆತ್ತಗೆ, ಹಣ್ಣಣ್ಣು. ಸಿರಾ ಅನ್ನೋದ್ರಲ್ಲಿ ಒಳ್ಳೆ ಮೆಣಸಿನ ಘಾಟು. ಮೂರ್ವೆದ್ರ ಅಂತ ಇನ್ನೊಂದು, ಬರೀ ಒಗರು. ಒಂದೊಂದೇ ಕುಡುದ್ರೆ ಏನೋ ಕಮ್ಮಿ ಅನ್ಸುತ್ತೆ. ಮೂರೂ ಕೂಡುದ್ರೆ ಸರಿ ಓಗ್ತದೆ.”

“ಬೆರಕೆ ಸೊಪ್ಪು ಅನ್ನು.”

ಚೈತ್ರ ನಕ್ಕಳು. “ಊಂ ಕಣವ್ವ, ಬೆರಕೆ ಸೊಪ್ಪೇ. ಕೀರೆ ಒಂದೇ ಹಾಕುದ್ರೆ ಸಪ್ಪೆ, ಗಣಿಕೆ ಒಂದೇ ಹಾಕುದ್ರೆ ಕಹಿ. ಈ ಮಾತು ನಾಳಿದ್ದು ಗಿರಾಕಿಗಳ್ಗೆ ಏಳ್ತೀನಿ.”

“ಏನಕ್ಕೆ ಸೇರ್ತದೆ ಇದು?”

“ಸಣ್ಣ ಉರೀಲಿ ಮೂಳೆ ಬಿಡೋವರ್ಗೂ ಬೇಯ್ಸಿದ ಮಾಂಸಕ್ಕೆ. ಕೆಂಡದಲ್ಲಿ ಸುಟ್ಟ ಬದ್ನೆಕಾಯಿಗೆ. ಉಳ್ಳಿಕಾಳಿಗೂ ಸೇರ್ತದೆ. ಮೀನಿಗೆ ಸೇರಲ್ಲ, ಬಾಯೆಲ್ಲ ತುಕ್ಕು ಕಬ್ಬಿಣ ನೆಕ್ಕಿದಂಗೆ ಆಗ್ತದೆ. ಖಾರಕ್ಕಂತೂ ಬ್ಯಾಡವೇ ಬ್ಯಾಡ, ಉರಿಯೋ ಒಲೆಗೆ ಸೀಮೆಣ್ಣೆ ಉಯ್ದಂಗೆ. ಅದ್ಕೇ ಈ ಸಲ ಎಡೆ ಸಾರಿಗೆ ಮೆಣ್ಸಿನಕಾಯಿ ಕಮ್ಮಿ ಆಕ್ಸವ್ವ.”

“ಎಡೆ ಸಾರಿಗಾ?”

“ಅದ್ಕೇ ಅಲ್ವಾ ತಂದಿದ್ದು. ನಾನು ಬರ್ದಿದ್ರೂ ಬಾಟ್ಲು ಓಗ್ಲಿ. ವರ್ಷಾ ವರ್ಷಾ ಅಪ್ಪಂಗೆ ಆ ಕೆಟ್ಟ ಬ್ರಾಂದಿ ಮಡುಗ್ತಾರೆ, ನೋಡಾಕೆ ಒಟ್ಟೆ ಉರೀತದೆ. ಈಗ ನಂಗೆ ಒಂದು ವಿದ್ಯೆ ಐತೆ. ಕುಡೀತಿದ್ದ ಮನ್ಸ ಅಲ್ವಾ, ಸತ್ ಮೇಲಾದ್ರೂ ಒಳ್ಳೇದು ಕುಡೀಲಿ ಅಂತ.”

ದ್ಯಾವಮ್ಮ ಮಗಳ ಮುಖವನ್ನೇ ನೋಡಿದಳು. ಅದರಲ್ಲಿ ಕುಹಕವಿರಲಿಲ್ಲ, ಬರೀ ಪ್ರೀತಿಯಿತ್ತು. ಕರಿಯಯ್ಯ ಸತ್ತಾಗ ಚೈತ್ರ ನಾಗಮಂಗಲದ ಹಾಸ್ಟೆಲಿನಲ್ಲಿದ್ದಳು, ರಜಕ್ಕಷ್ಟೇ ಅಪ್ಪನನ್ನು ಕಂಡವಳು. ಉಳಿದದ್ದನ್ನು ಎಡೆ ಅವಳಿಗೆ ಹೇಳಿಕೊಟ್ಟಿತ್ತು. ನೆಂಟರು ನಂಬಲಿ, ಊರು ನಂಬಲಿ. ಅವನ ಹೊಟ್ಟೆಯಲ್ಲಿ ಹುಟ್ಟಿದ್ದೂ ನಂಬಿಬಿಟ್ಟಿತ್ತು.

“ನಿಮ್ಮಪ್ಪಂಗೆ ಕುಡ್ತ ಸೇರ್ತಿರ್ಲಿಲ್ಲ,” ಅಂದಳು.

“ಅಂದ್ರೆ? ಕುಡುದ್ರೆ ಮೈಗೆ ಆಗ್ತಿರ್ಲಿಲ್ವಾ?”

“ಕುಡೀತಾನೇ ಇರ್ಲಿಲ್ಲ. ಒಂದು ತೊಟ್ಟೂ. ವಾಸ್ನೆ ಬಂದ್ರೆ ಎದ್ದೋಯ್ತಿದ್ರು. ಮುದ್ದೆ ಉಂಡು ಮೇಲೊಂದು ಚೊಂಬು ಕಬ್ಬಿನಾಲು ಕುಡುದ್ರೆ ಅದೇ ಅವ್ರಿಗೆ ಅಮಲು. ಕಾಮಾಲೆ ಬಂದಿದ್ದು ಆಲೆಮನೆ ತೊಟ್ಟಿ ನೀರು ಕುಡ್ದು. ಅವತ್ತು ಇನ್ನೂ ಇಬ್ರು ಕೂಲಿಯೋರ್ಗೂ ಬಂದಿತ್ತು. ಅವ್ರು ಬದುಕ್ಕಂಡ್ರು.”

ಚೈತ್ರ ಬಾಟ್ಲಿಗೆ ಮತ್ತೆ ಟವಲು ಸುತ್ತಿದಳು. ಆಮೇಲೆ, “ಇದ್ನ ಯಾಕವ್ವ ಏಳ್ಲಿಲ್ಲ ನಂಗೆ?” ಅಂದಳು.

“ನೀನು ಕೇಳ್ಲಿಲ್ಲ. ಗೊತ್ತೈತೆ ಅಂದ್ಕಂಡಿದ್ದೆ. ಅಪ್ಪ ಕುಡೀತಿರ್ಲಿಲ್ಲ ಅಂತ ಮಗಳಿಗೆ ಯಾರಾದ್ರೂ ಕೂರ್ಸಿ ಏಳ್ತಾರಾ?”

ಮಾರನೇ ದಿನ ಬುಧವಾರ. ಚೈತ್ರ ಹೇಳಿದ ಹಾಗೆಯೇ ಖಾರ ತಗ್ಗಿಸಿ, ಧನಿಯ ಮುಂದು ಮಾಡಿ ಮಾಂಸ ಬೇಯಲು ಇಟ್ಟರು. ಒಲೆಯ ಕೆಂಡದಲ್ಲಿ ಎರಡು ಬದನೆಕಾಯಿ ಹೂತರು. ಮುದ್ದೆ ಕಟ್ಟುವ ಹೊತ್ತಿಗೆ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ತಮ್ಮಯ್ಯ. ನಾಗಮಂಗಲದಲ್ಲಿ ಎಡೆಗೆ ಟಗರು ನೋಡಿಕೊಂಡು ಊರಿಗೆ ಹೊರಟಿದ್ದನಂತೆ, ದಾರಿಯಲ್ಲಿ ಹೀಗೇ ನೋಡಿ ಹೋಗೋಣವೆಂದು ಬಂದನಂತೆ. ನಾಗಮಂಗಲದಿಂದ ಗೋವಿಂದನಹಳ್ಳಿಗೆ ಹೋಗುವವನಿಗೆ ಕ್ಯಾತನಹಳ್ಳಿ ದಾರಿಯಾದರೆ, ತಲೆಯ ಸುತ್ತ ಕೈ ತಂದು ಮೂಗು ಹಿಡಿಯುವುದೂ ಹತ್ತಿರದ ದಾರಿಯೇ.

“ಕುಮಾರ ಬರಿಗೈಲಿ ಬಂದ. ಬಾಟ್ಲು ತತ್ತೀನಿ ಅಂತ ನೀನು ಒಂದು ಮಾತೂ ಕೊಡ್ಲಿಲ್ವಂತೆ ಅತ್ಗೆ,” ಅನ್ನುತ್ತಾ ಗೋಡೆಗೊರಗಿ ಕೂತ. ಚೈತ್ರನನ್ನು ನೋಡಿ ಒಂದಿಷ್ಟೂ ಅಳುಕಲಿಲ್ಲ. “ಏನ್ ಮಗಾ, ಚೆನ್ನಾಗಿದ್ದೀಯಾ? ಚಿಕ್ಕಪ್ಪನ ಮೇಲೆ ಬೇಜಾರ್ ಮಾಡ್ಕಬ್ಯಾಡ. ಊರೋರ ಬಾಯಿಗೆ ಎದ್ರ್ಕಬೇಕಲ್ಲ.”

“ಉಣ್ಣು ಬಾ ಚಿಕ್ಕಪ್ಪ,” ಅಂದಳು ಚೈತ್ರ.

ತಟ್ಟೆ ಇಟ್ಟರು. ಚೈತ್ರ ಒಳಗಿನಿಂದ ಬಾಟ್ಲು ತಂದು ಬಿರಟೆಗೆ ತಿರುಪು ಹಾಕಿದಳು. ತಮ್ಮಯ್ಯ ಕೈ ಮುಂದೆ ಮಾಡಿದ.

“ಎಡೆ ಬಾಟ್ಲು ಕಣವ್ವ ಅದು. ತಗೀಬ್ಯಾಡ.”

“ಯಾರ ಎಡೆಗೆ?”

‘ಟಪ್’ ಎಂದು ಬಿರಟೆ ಈಚೆ ಬಂತು. ನೇರಳೆ ಹಣ್ಣು ಮಡಕೆಯಲ್ಲಿ ಕೂತು ಹುಳಿ ತಿರುಗಿದಂಥ ವಾಸನೆ ದ್ಯಾವಮ್ಮನ ಮೂಗಿಗೆ ಬಡಿಯಿತು. ಚೈತ್ರ ಸ್ಟೀಲು ಲೋಟದಲ್ಲಿ ಎರಡು ಬೆರಳು ಸುರಿದು ತಮ್ಮಯ್ಯನ ಮುಂದೆ ಇಟ್ಟಳು. ತೆಗೆದದ್ದಂತೂ ಆಯಿತಲ್ಲ ಎಂದು ಅವನು ಒಂದೇ ಗುಟುಕಿಗೆ ಎತ್ತಿದ.

“ಇದೇನ್ ಮಗಾ, ಒಗ್ರು. ಏಟೇ ಇಲ್ವಲ್ಲ. ಸಾರೂ ಸಪ್ಪೆ.” ಎರಡು ಹಸಿಮೆಣಸಿನಕಾಯಿ ಕಚ್ಚಿ ಮತ್ತೆ ಲೋಟ ಚಾಚಿದ.

“ಖಾರದ್ ಜತೆ ಬ್ಯಾಡ ಚಿಕ್ಕಪ್ಪ, ಉರಿಯುತ್ತೆ.”

“ನಂಗೆ ಕಲುಸ್ಬ್ಯಾಡ ನೀನು,” ಎಂದು ಕುಡಿದ. ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾಯಿತು. ಆದರೂ ಲೋಟ ಚಾಚುವುದನ್ನು ಬಿಡಲಿಲ್ಲ. ಮೂರನೆಯದಕ್ಕೆ ನಾಲಿಗೆ ಸಡಿಲವಾಯಿತು.

ಚೈತ್ರ ಗಿರಾಕಿಯನ್ನು ವಿಚಾರಿಸುವವಳ ಹಾಗೆ ಮೆಲ್ಲಗೆ ಕೇಳಿದಳು. “ಅಪ್ಪ ಯಾವ್ದು ಕುಡೀತಿತ್ತು ಚಿಕ್ಕಪ್ಪ? ಅದ್ರ ಜತೆ ಏನ್ ತಿಂತಿತ್ತು?”

“ಅಣ್ಣನಾ? ಬ್ರಾಂದಿ ಕಣವ್ವ. ಬೋಟಿ ಗೊಜ್ಜು ಇರ್ಬೇಕು, ಇಲ್ದಿದ್ರೆ ಲೋಟ ಮುಟ್ತಿರ್ಲಿಲ್ಲ. ಊರಿಗೆ ಬಂದಾಗ ಎಷ್ಟು ದಿನ ನಾನೇ ಕೆ.ಆರ್. ಪೇಟೆಯಿಂದ ಸೈಕಲ್ ಮೇಲೆ ಕುಂಡ್ರುಸ್ಕಂಡು ಬಂದಿವ್ನಿ. ನಿಮ್ಮವ್ವಂಗೆ ಗೊತ್ತಾಗ್ಬಾರ್ದು ಅಂತ…”

“ಸೈಕಲ್ ಯಾರು ತುಳೀತಿದ್ರು ತಮ್ಮಯ್ಯ?” ಅಂದಳು ದ್ಯಾವಮ್ಮ.

ಅವನ ಕೈ ಮುದ್ದೆಯಲ್ಲೇ ನಿಂತಿತು. ತಮ್ಮಯ್ಯನಿಗೆ ಸೈಕಲ್ ತುಳಿಯಲು ಬರುವುದಿಲ್ಲ. ಗೋವಿಂದನಹಳ್ಳಿಯ ನಾಯಿಗೂ ಗೊತ್ತಿರುವ ಸಂಗತಿ ಅದು.

“ತಳ್ಕಂಡು… ತಳ್ಕಂಡು ಬತ್ತಿದ್ದೆ.”

“ಕ್ಯಾರಿಯರ್ ಮೇಲೆ ಕುಂತಿದ್ದೋನು ನೀನು. ಬಿದ್ದೋಯ್ತೀಯ ಅಂತ ನಿನ್ನ ಸೊಂಟಕ್ಕೆ ಟವಲ್ ಕಟ್ಟಿ, ತನ್ನ ಸೊಂಟಕ್ಕೆ ಬಿಗ್ಕಂಡು ತುಳ್ಕಂಡು ಬತ್ತಿದ್ರು ಅವ್ರು. ನೀನು ಬೆನ್ ಮೇಲೆ ಕಕ್ಕಿದ್ದ ಅಂಗಿನ ಒಗ್ದಿರೋಳು ನಾನು. ಈಗ ಅವ್ರ ಮಗಳ ಮುಂದೆ ಕೂತು, ಅವ್ರ ಮನೆ ಮುದ್ದೆ ಮುರೀತಾ, ನಿನ್ನ ಕುಡ್ತಾನ ಅವ್ರ ತಲೆಗೆ ಕಟ್ತೀಯಾ?”

ಅವಳು ಕೂಗಲಿಲ್ಲ. ಕೂಗಿದ್ದರೆ ತಮ್ಮಯ್ಯ ಅವಳಿಗಿಂತ ಜೋರಾಗಿ ಕೂಗಿ ಗೆಲ್ಲುತ್ತಿದ್ದ. ಅವನು ತಟ್ಟೆಯ ಅಂಚಿಗೆ ಕೈ ಒರೆಸಿದ.

“ಓಗ್ಲಿ ಬುಡು ಅತ್ಗೆ. ಸತ್ತೋರ್ಗೆ ಯಾವ ಮರ್ವಾದೆ? ಮನೇಲಿ ನಿನ್ನ ವಾರಗಿತ್ತಿ ದೊಡ್ಡತಾಯಿ ಒಂದು ತೊಟ್ಟು ಒಳಕ್ಕೆ ತರಾಕೆ ಬುಡಾಕಿಲ್ಲ. ಎಡೆ ಬಾಟ್ಲು ಅಂದ್ರೆ ಪ್ರಸಾದ, ಅವ್ಳೂ ಸುಮ್ನಿರ್ತಾಳೆ. ವರ್ಷಕ್ಕೊಂದು ದಿನ. ಅಣ್ಣ ಬೇಜಾರ್ ಮಾಡ್ಕತಾನಾ? ನಂಗೋಸ್ಕರ ಏನ್ ಬೇಕಾದ್ರೂ ಒಪ್ಕಳೋನು ಅವ್ನು.”

ಅದು ನಿಜ. ನಿಜವಾದದ್ದಕ್ಕೇ ದ್ಯಾವಮ್ಮ ಅವನ ಮುಂದಿದ್ದ ಸಾರಿನ ಪಾತ್ರೆಯನ್ನು ಈಚೆ ಎಳೆದುಕೊಂಡಳು.

“ಅವ್ರು ಒಪ್ಕಳೋರು,” ಅಂದಳು. “ನಾನ್ ಒಪ್ಕಂಡಿಲ್ಲ.”

ತಮ್ಮಯ್ಯ ಎದ್ದ. ಕೈ ತೊಳೆದವನು ಬಾಗಿಲಲ್ಲಿ ತಿರುಗಿ ನಿಂತ. ಈಗ ಅವನಿಗೂ ಸಿಟ್ಟು ಬಂದಿತ್ತು.

“ಎಡೆ ನಮ್ಮಪ್ಪನ ಮನೇಲೇ, ಮಡಗೋನು ನಾನೇ. ಬಾಟ್ಲು ಇದ್ದೇ ಇರ್ತದೆ, ನಾನೇ ತತ್ತೀನಿ. ವೈನ್ಸಲ್ಲಿ ಕುಡ್ಸೋ ಹೆಣ್ಣು ನನ್ನ ಒಸ್ಲು ತುಳ್ಯಂಗಿಲ್ಲ. ನಾಳೆ ಇವ್ಳಿಗೆ ಧಾರೆ ಎರ್ಯಾಕೆ ಯಾರ್ ಬತ್ತಾರೋ ನೋಡ್ತೀನಿ.”

“ಕುಡ್ಸುದ್ದು ನಾನು ಸರಿ,” ಅಂದಳು ಚೈತ್ರ, ಲೋಟ ಎತ್ತಿಕೊಳ್ಳುತ್ತಾ. “ಕುಡ್ದಿದ್ದು ಯಾರು ಚಿಕ್ಕಪ್ಪ?”

ಅವನು ಹೋದ ಮೇಲೆ ತಾಯಿ ಮಗಳು ಉಣ್ಣಲು ಕೂತರು. ಚೈತ್ರ ಸುಟ್ಟ ಬದನೆಕಾಯಿ ನಂಚಿಕೊಂಡು, ಮೂಳೆ ಚೀಪಿ, ತನ್ನ ಲೋಟದಿಂದ ಒಂದು ಗುಟುಕು ಕುಡಿದಳು. ತಾಯಿಯ ಮುಂದೆ ಕುಡಿದದ್ದು ಅದೇ ಮೊದಲು. ದ್ಯಾವಮ್ಮ ನೋಡಿದಳು, ಸೇರಲಿಲ್ಲ, ಆದರೂ ಏನೂ ಅನ್ನಲಿಲ್ಲ. ಇವಳು ಕುಡಿದದ್ದು ಇವಳ ಹೆಸರಿಗೇ ಇರುತ್ತದೆ, ಇನ್ನೊಬ್ಬರ ಎಲೆ ಮುಂದೆ ಹೋಗಿ ಕೂರುವುದಿಲ್ಲ. ಅಷ್ಟು ಸಾಕೆನಿಸಿತು.

ಊಟ ಮುಗಿದ ಮೇಲೆ ಅವಳು ಎದ್ದು ಸೆರಗು ಸರಿಮಾಡಿಕೊಂಡಳು. “ಪೋಸ್ಟಾಫೀಸಿಗೆ ಓಗ್ಬೇಕು.”

ಪ್ರತಿ ವರ್ಷ ಎಡೆ ಮುಗಿಸಿ ವಾಪಸು ಬರುವ ಬಸ್ಸಿನಲ್ಲಿ ಅವಳು ತಮ್ಮಯ್ಯನಿಗೆ ಒಂದು ಕಾಗದ ಬರೆಯುತ್ತಿದ್ದಳು, ಮನಸ್ಸಿನಲ್ಲಿ. ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತುವಾಗ ಅದು ಬೆಂಕಿಯಂತಿರುತ್ತಿತ್ತು. ಪಾಂಡವಪುರ ಬರುವಷ್ಟರಲ್ಲಿ ಧಾರೆ, ಚಪ್ಪರ, ನೆಂಟರು ಎಲ್ಲ ನೆನಪಾಗಿ ಆರಿಹೋಗುತ್ತಿತ್ತು. ಈಗ ಧಾರೆಯ ಮಾತನ್ನು ಅವನೇ ಆಡಿ ಮುಗಿಸಿದ್ದ.

“ಫ್ಯಾಮ್ಲಿ ಗ್ರೂಪಿಗೆ ಮೆಸೇಜ್ ಆಕ್ಲಾ ಅವ್ವ? ನೀನು ಏಳು, ನಾನು ಒತ್ತೀನಿ.”

“ಒತ್ತಿದ್ದು ಮೇಲಕ್ಕೆ ಓಗ್ಬುಡ್ತದೆ. ಅದ್ರ ಮೇಲೆ ಯಾರೋ ಗುಡ್ ಮಾರ್ನಿಂಗ್ ಆಕ್ತಾರೆ.”

ಪೋಸ್ಟಾಫೀಸಿನಲ್ಲಿ ಚೈತ್ರ ಕವರು ಕೇಳಹೋದರೆ ದ್ಯಾವಮ್ಮ ತಡೆದಳು. “ಕವರ್ ಕೊಟ್ರೆ ಅದ್ನ ಹರ್ದು ಓದೋನು ಅವ್ನೊಬ್ನೇ. ಕಾರ್ಡ್ ಕೊಡಿ ಸ್ವಾಮಿ.”

ಅವಳ ಅಕ್ಷರ ದಪ್ಪ, ಕಾರ್ಡು ಸಣ್ಣದು. ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕಾರ್ಡಿಟ್ಟು, ಒಂದೊಂದು ಮಾತನ್ನೂ ತೂಗಿ ಬರೆದಳು. ಕೊನೆಯ ಸಾಲು ವಿಳಾಸದ ಬದಿಗೂ ಹರಿಯಿತು. ಚೈತ್ರ ತಿದ್ದಲು ಹೋಗಲಿಲ್ಲ.

“ಗೋವಿಂದನಹಳ್ಳಿ ತಮ್ಮಯ್ಯನಿಗೆ ಅತ್ತಿಗೆ ದ್ಯಾವಮ್ಮ ತಿಳಿಸುವುದು. ನನ್ನ ಯಜಮಾನರು ಕರಿಯಯ್ಯನವರಿಗೆ ಕುಡಿತ ಸೇರುತ್ತಿರಲಿಲ್ಲ. ಅವರು ಕುಡಿದವರಲ್ಲ. ಕುಡಿದವರನ್ನು ಹೊತ್ತವರು. ಸತ್ತದ್ದು ನೀರಿನ ಕಾಮಾಲೆಯಿಂದ. ಎಂಟು ವರ್ಷ ಅವರ ಎಲೆ ಮುಂದೆ ನೀನು ಇಟ್ಟ ಬಾಟಲಿ ನಿನ್ನದು. ಈ ವರ್ಷದಿಂದ ಅವರ ಎಡೆ ಕ್ಯಾತನಹಳ್ಳಿಯಲ್ಲಿ, ನಮ್ಮ ಮನೆಯಲ್ಲಿ. ಇಡುವವಳು ಮಗಳು ಚೈತ್ರ. ಮಾಂಸ, ಮುದ್ದೆ, ಒಂದು ಚೊಂಬು ಕಬ್ಬಿನ ಹಾಲು ಇರುತ್ತದೆ. ನೆಂಟರೆಲ್ಲರೂ ಬರಬಹುದು. ನೀನೂ ಬರಬಹುದು, ಬರಿಗೈಯಲ್ಲಿ.”

ಕಿಟಕಿಯ ಆಚೆ ಕೂತವನು ಕಾರ್ಡು ತೆಗೆದುಕೊಂಡ. ವಿಳಾಸ ನೋಡಲು ತಿರುಗಿಸಿದವನು, ಬರಹದ ಕಡೆಗೆ ಮತ್ತೆ ತಿರುಗಿಸಿ ನಿಧಾನವಾಗಿ ಪೂರ್ತಿ ಓದಿದ. ಆಮೇಲೆ ತಲೆ ಎತ್ತಿದ.

“ಮನೆ ವಿಚಾರ ಅಲ್ವೇನಮ್ಮ? ಕವರಿಗೆ ಹಾಕಬಹುದಿತ್ತು. ಹೀಗೆ ಕಳಿಸಿದರೆ ದಾರಿ ಉದ್ದಕ್ಕೂ ಯಾರು ಬೇಕಾದರೂ ಓದ್ತಾರೆ.”

“ಓದ್ಲಿ ಅಂತಲೇ ಸ್ವಾಮಿ,” ಅಂದಳು ದ್ಯಾವಮ್ಮ. “ಅಲ್ಲಿ ಕಾರ್ಡ್ ಅಂಚೋನು ಡೇರಿ ಮುಂದೆ ನಿಂತು ಗಟ್ಟಿಯಾಗಿ ಓದ್ತಾನೆ. ಅವ್ನಿಗೆ ಕಾಣೋ ಅಂಗೆ ಮೊಹರು ಒಸಿ ಪಕ್ಕಕ್ಕೆ ಒತ್ತಿ.”

ಅವನು ಮೊಹರನ್ನು ಮಸಿಗೆ ಅದ್ದಿ, ಅಕ್ಷರಕ್ಕೆ ತಾಗದ ಹಾಗೆ ಮೂಲೆಯಲ್ಲಿ ಒತ್ತಿ, ಕಾರ್ಡನ್ನು ಕೆ.ಆರ್. ಪೇಟೆ ಕಡೆಯ ಚೀಲಕ್ಕೆ ಹಾಕಿದ.